‘ಸರ್ವರ್ ಡೌನ್ ಅದ’ ಅಂದಮೇಲೆ ಕೇಳಬೇಕಾದ ಪ್ರಶ್ನೆ



ಸೊಲ್ಲಾಪುರದಲ್ಲಿ ಕನ್ನಡದ ದತ್ತಿ ಉಪನ್ಯಾಸ ಎಂದರೆ ಸಿದ್ಧರಾಮೇಶ್ವರರ ಬಗ್ಗೆ ಮಾತು, ಇಲ್ಲವೆ ಇದೇ ಊರಿನಿಂದ ಹೋಗಿ 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರ ಬಗ್ಗೆ ಮಾತು. ಈ ಸಲ ನೀವು ಡೇಟಾಬೇಸ್ ಕೆಲಸದವನನ್ನು ಕರೆದಿದ್ದೀರಿ. ಇಪ್ಪತ್ತು ವರ್ಷ ಪುಣೆಯಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಇಷ್ಟು ವರ್ಷ ಇದನ್ನು ಇಂಗ್ಲಿಷಿನಲ್ಲಿ ಕಲಿತೆ, ಮರಾಠಿ ಗೆಳೆಯರ ಜೊತೆ ಹಿಂದಿಯಲ್ಲಿ ಚರ್ಚಿಸಿದೆ. ಮನೆಯ ಭಾಷೆಯಲ್ಲಿ ಹೇಳುವ ಸಂದರ್ಭ ಇಂದೇ ಮೊದಲು ಬಂದಿದೆ. ಆದ್ದರಿಂದ ಸಿದ್ಧಾಂತದಿಂದ ಆರಂಭಿಸದೆ, ನಮ್ಮ ತಾಲ್ಲೂಕಿನ ಒಂದು ಕೌಂಟರಿನಿಂದ ಆರಂಭಿಸುತ್ತೇನೆ.

ಅದೊಂದು ಪತಸಂಸ್ಥೆ. ಕರ್ನಾಟಕದವರು ಪತ್ತಿನ ಸಂಘ ಎನ್ನುವುದನ್ನು ನಾವು ಈ ಕಡೆ ಹಾಗೆ ಕರೆಯುತ್ತೇವೆ. ಹೆಸರು ಬೇಡ. ನಾನು ಊರಿಗೆ ಬಂದ ಹೊಸದರಲ್ಲಿ ಅಲ್ಲಿ ಖಾತೆ ತೆಗೆಯಲು ಹೋಗಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದುಕೊಂಡು ನಿಂತಿದ್ದರು. ಕೌಂಟರಿನ ಹುಡುಗಿ ಹೆಸರಿನ ಮೂರು ಅಕ್ಷರ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗತೊಡಗಿತು.

“ಅವ್ವಾ, ಸರ್ವರ್ ಡೌನ್ ಅದ, ಸ್ವಲ್ಪ ಕುಂದರ್ರಿ.”

“ಮುಂಜಾನಿಂದ ಕುಂತೀನಿ ತಂಗಿ. ಎಸ್ಟಿ ಬಸ್ಸು ಹೋಗ್ತದ ನಂದು.”

ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಅವಳಿಗೆ ಹೇಳಿಕೊಟ್ಟಿದ್ದು ಅದೊಂದೇ ಮಾತು. ಆದರೆ ಪಕ್ಕದ ಕೌಂಟರಿನಲ್ಲಿ ರಸೀದಿ ಮುದ್ರಣವಾಗುತ್ತಿತ್ತು. ಸರ್ವರ್ ಬಿದ್ದಿರಲಿಲ್ಲ, ನಿಧಾನವಾಗಿತ್ತು. ಇಂದಿನ ನನ್ನ ಮಾತೆಲ್ಲ ಈ ಎರಡರ ವ್ಯತ್ಯಾಸದ ಬಗ್ಗೆ. ‘ಡೌನ್’ ಎಂದ ಕೂಡಲೆ ವಿಚಾರಣೆ ಮುಗಿದುಹೋಗುತ್ತದೆ, ಮಳೆ ಬರಲಿಲ್ಲ ಎಂದ ಹಾಗೆ. ‘ನಿಧಾನ’ ಎಂದರೆ ಮಾತ್ರ ಮುಂದಿನ ಪ್ರಶ್ನೆ ಏಳುತ್ತದೆ: ಯಾವುದು ನಿಧಾನ, ಎಷ್ಟು ನಿಧಾನ, ಯಾವ ಹೊತ್ತಿನಲ್ಲಿ, ಯಾರ ಕಾರಣಕ್ಕೆ?

ಸೊಲ್ಲಾಪುರದವರಿಗೆ ಇದನ್ನು ಮಗ್ಗದ ಮೂಲಕ ಹೇಳಬಹುದು. ಒಳ್ಳೆಯ ಪವರ್‌ಲೂಮಿನಲ್ಲಿ ಹಾಸಿನ ಒಂದೊಂದು ಎಳೆಯ ಮೇಲೂ ಒಂದು ತೆಳು ತಗಡಿನ ಚೂರು ತೂಗುತ್ತಿರುತ್ತದೆ. ಎಳೆ ಕಡಿದರೆ ಆ ಚೂರು ಕೆಳಗೆ ಬಿದ್ದು ಮಗ್ಗ ತಾನಾಗಿ ನಿಲ್ಲುತ್ತದೆ. ಅದು ‘ಡೌನ್’, ಎಲ್ಲರಿಗೂ ಕಾಣುತ್ತದೆ. ಎಳೆ ಕಡಿಯದೆ ಬರೀ ಸಡಿಲಾದರೆ ಮಗ್ಗ ನಿಲ್ಲುವುದಿಲ್ಲ, ಬಟ್ಟೆ ಬರುತ್ತಲೇ ಇರುತ್ತದೆ, ದೋಷ ಮಾತ್ರ ಗಜಗಟ್ಟಲೆ ಬೆಳೆದಿರುತ್ತದೆ. ಅದನ್ನು ಹಿಡಿಯಲು ನೇಕಾರನ ಕಣ್ಣು, ಕಿವಿ ಬೇಕು. ನಾಲ್ಕು ಮಗ್ಗಗಳ ನಡುವೆ ಓಡಾಡುವ ಅನುಭವಿ ನೇಕಾರ ಸದ್ದಿನಲ್ಲಿ ಬಂದ ಸಣ್ಣ ಬದಲಾವಣೆಗೇ ತಿರುಗಿ ನೋಡುತ್ತಾನೆ. ಸರ್ವರ್‌ಗೆ ಇಡಬೇಕಾದ ಕಾವಲು ಆ ಬಗೆಯದು.

ಇಲ್ಲೊಂದು ಮಾತು ಸೇರಿಸುತ್ತೇನೆ. ಚಾದರ ನೇಯುವ ಜಕಾರ್ಡ್ ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟುಗಳ ಮಾಲೆ ತೂಗುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ಬಗೆಯ ತೂತಿನ ರಟ್ಟುಗಳಲ್ಲಿ ಹರ್ಮನ್ ಹೊಲೆರಿತ್ 1890ರ ಅಮೆರಿಕದ ಜನಗಣತಿಯನ್ನು ಎಣಿಸಿದ. ಅವನ ಕಂಪನಿ ಮುಂದೆ ಐಬಿಎಮ್‌ನ ಒಂದು ಬೇರಾಯಿತು. ಅದೇ ಐಬಿಎಮ್‌ನಲ್ಲಿ ಕೂತು ಇ. ಎಫ್. ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಾಗಿ ಇಡುವ ವಿಧಾನ ಬರೆದ. ಇಂದಿನ ಪತಸಂಸ್ಥೆಯ ಸರ್ವರ್ ನಿಂತಿರುವುದು ಅದರ ಮೇಲೆ. ಈ ವಿದ್ಯೆ ನಮಗೆ ಹೊರಗಿನದು ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

ಖಾತೆ ತೆಗೆಯಲು ಹೋದ ಮುಂದಿನ ವಾರ ಆ ಪತಸಂಸ್ಥೆಯ ಕಾರ್ಯದರ್ಶಿಗಳ ಒಪ್ಪಿಗೆ ಪಡೆದು ಸರ್ವರ್ ಮುಂದೆ ಕೂತೆ. ಮೈಎಸ್‌ಕ್ಯೂಎಲ್ ಡೇಟಾಬೇಸ್. ಅದರಲ್ಲಿ ಸ್ಲೋ ಕ್ವೆರಿ ಲಾಗ್ ಎಂಬ ಸೌಕರ್ಯ ಇದೆ: ಇಂತಿಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದ ಪ್ರತಿಯೊಂದು ಪ್ರಶ್ನೆಯನ್ನೂ ಒಂದು ಕಡತದಲ್ಲಿ ಬರೆದಿಡುತ್ತದೆ. ಆದರೆ ತಾನಾಗಿ ಬರೆಯುವುದಿಲ್ಲ. ಯಾರಾದರೂ ಆನ್ ಮಾಡಬೇಕು. ಆನ್ ಮಾಡಿದರೂ ಅದರ ಮೂಲ ಮಿತಿ 10 ಸೆಕೆಂಡು. ಕೌಂಟರಿನ ಮುಂದೆ ನಿಂತವರಿಗೆ 10 ಸೆಕೆಂಡು ಬಹಳ ದೊಡ್ಡದು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲೂ ಇದೇ ಕತೆ, ಅಲ್ಲಿಯೂ ಈ ಅಳತೆ ಮೊದಲಿಗೆ ಆಫ್ ಇರುತ್ತದೆ. ವರ್ಷಗಟ್ಟಲೆ ಜನ ಕಾಯುತ್ತಾರೆ, ಎಷ್ಟು ಕಾದರು ಎಂಬ ಒಂದು ಸಾಲೂ ಎಲ್ಲೂ ದಾಖಲಾಗಿರುವುದಿಲ್ಲ. ನನಗೆ ಇದು ಮೊದಲಿನಿಂದಲೂ ಸಂಕಟದ ವಿಷಯ. ಹಣ ಒಂದು ರೂಪಾಯಿ ತಪ್ಪಿದರೆ ರಾತ್ರಿಯೆಲ್ಲ ಕೂತು ಕೀರ್ದಿ ತಾಳೆ ನೋಡುತ್ತೇವೆ. ಒಬ್ಬ ಅಜ್ಜಿಯ ಅರ್ಧ ದಿನ ಹೋದರೆ ಅದು ಯಾವ ಪುಸ್ತಕಕ್ಕೂ ಹತ್ತುವುದಿಲ್ಲ.

ಮಿತಿಯನ್ನು 1 ಸೆಕೆಂಡಿಗೆ ಇಳಿಸಿ, ಲಾಗ್ ಆನ್ ಮಾಡಿ ಮನೆಗೆ ಹೋದೆ. ಮರುದಿನ ತೆರೆದರೆ ಪ್ರತಿ ನಮೂದಿನ ತಲೆಯ ಮೇಲೂ ನಾಲ್ಕು ಅಂಕಿಗಳು. ಪ್ರಶ್ನೆ ಹಿಡಿದ ಕಾಲ, ಬೀಗಕ್ಕಾಗಿ ಕಾದ ಕಾಲ, ಕಳಿಸಿದ ಸಾಲುಗಳು, ತಡಕಿದ ಸಾಲುಗಳು. ವಿದ್ಯಾರ್ಥಿಗಳು ಕೊನೆಯ ಎರಡನ್ನು ಬಿಡದೆ ಜೊತೆಯಾಗಿ ಓದಬೇಕು. ಅಜ್ಜಿಯ ಹೆಸರಿನ ಹುಡುಕಾಟದಲ್ಲಿ ಕಳಿಸಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಾಲು; ತಡಕಿದ್ದು ಸಂಸ್ಥೆಯ ಖಾತೆದಾರರ ಇಡೀ ಕೋಷ್ಟಕ, ಮೊದಲಿನಿಂದ ಕೊನೆಯವರೆಗೆ. ಒಂದು ಅಕ್ಷರ ಒತ್ತಿದಾಗ ಒಂದು ಸಲ, ಎರಡನೆಯದು ಒತ್ತಿದಾಗ ಇನ್ನೊಂದು ಸಲ, ಮೂರನೆಯದಕ್ಕೆ ಮತ್ತೊಂದು ಸಲ.

ನಮ್ಮ ದುಧನಿಯ ಅಡತಿ ಅಂಗಡಿಗಳಲ್ಲಿ ಹಳೆಯ ಖತಾವಣಿ ಪುಸ್ತಕ ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಕೆಂಪು ಬಟ್ಟೆಯ ರಟ್ಟು, ಮೊದಲ ಕೆಲವು ಹಾಳೆಗಳ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಅಕ್ಷರ ಬರೆದಿರುತ್ತಿದ್ದರು. ರೈತನ ಹೆಸರು ಹೇಳಿದರೆ ಗುಮಾಸ್ತರು ಆ ಅಕ್ಷರಕ್ಕೆ ಹೆಬ್ಬೆರಳು ಇಟ್ಟು, ಪುಟದ ಸಂಖ್ಯೆ ನೋಡಿ, ನೇರ ಅಲ್ಲಿಗೇ ತೆರೆಯುತ್ತಿದ್ದರು. ಡೇಟಾಬೇಸಿನ ಇಂಡೆಕ್ಸ್ ಎಂದರೆ ಇದೇ. ಇಂದು ಎಲ್ಲ ಕಡೆ ಬಳಸುವ ಬಿ-ಟ್ರೀ ಇಂಡೆಕ್ಸ್ ಅನ್ನು ಬೇಯರ್ ಮತ್ತು ಮೆಕ್ರೈಟ್ ಎಂಬಿಬ್ಬರು ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ 1970ರ ಹೊತ್ತಿಗೆ ರೂಪಿಸಿದರು. ಒಂದು ಮೆಟ್ಟಿಲಿನಲ್ಲಿ ನೂರಾರು ಕವಲು ಇರುವುದರಿಂದ ಕೋಟಿ ಸಾಲುಗಳಿದ್ದರೂ ಮೂರು ನಾಲ್ಕು ಮೆಟ್ಟಿಲು ಇಳಿದರೆ ಬೇಕಾದ ಸಾಲು ಸಿಗುತ್ತದೆ.

ಹಾಗಾದರೆ ಆ ಪತಸಂಸ್ಥೆಯಲ್ಲಿ ಇಂಡೆಕ್ಸ್ ಇರಲಿಲ್ಲವೆ? ಇತ್ತು. ಆದರೆ ಪ್ರೋಗ್ರಾಮು ಕೇಳುತ್ತಿದ್ದ ರೀತಿ ಬೇರೆ: ‘ಹೆಸರಿನ ಒಳಗೆ ಎಲ್ಲಾದರೂ ಈ ಅಕ್ಷರಗಳಿರುವ ಎಲ್ಲರನ್ನೂ ಕೊಡು’. ಖತಾವಣಿಯ ಮೆಟ್ಟಿಲು ಮೊದಲ ಅಕ್ಷರದ್ದು. ನಡುವಿನ ಅಕ್ಷರ ಕೇಳಿದರೆ ಗುಮಾಸ್ತರೂ ಇಡೀ ಪುಸ್ತಕ ತಿರುವಿ ಹಾಕಬೇಕು.

ಹಾಗೇಕೆ ಬರೆದರು? ಇದಕ್ಕೆ ಕಾರಣ ಹುಡುಕಿದಾಗ ನಾನು ನಮ್ಮ ನೆಲಕ್ಕೇ ಬಂದು ನಿಂತೆ. ಸಿದ್ಧರಾಮರ ಊರಿದು, ಆ ಹೆಸರಿಲ್ಲದ ಮನೆ ಕಡಿಮೆ. ಕನ್ನಡ ಶಾಲೆಯ ದಾಖಲೆಯಲ್ಲಿ ಸಿದ್ಧರಾಮ, ಮರಾಠಿ ದಾಖಲೆಯಲ್ಲಿ ಸಿದ್ರಾಮ, ಇಂಗ್ಲಿಷ್ ಕಾರ್ಡಿನಲ್ಲಿ ಒಂದು ‘ಡಿ’, ಎರಡು ‘ಡಿ’, ನಡುವೆ ‘ಎಚ್’ ಇದ್ದೂ ಇಲ್ಲದೆಯೂ. ಕೆಲವರಿಗೆ ಕೊನೆಗೆ ‘ಅಪ್ಪ’. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಮನೆಮಾತಾಗಿರುವ ಜಿಲ್ಲೆಯಲ್ಲಿ ಒಬ್ಬನೇ ಮನುಷ್ಯ ಐದು ಕಾಗುಣಿತಗಳಲ್ಲಿ ಬದುಕುತ್ತಾನೆ. ಪ್ರೋಗ್ರಾಮು ಬರೆದವರು ಇದನ್ನು ಗಮನಿಸಿ, ಹೇಗಾದರೂ ಸಿಗಲಿ ಎಂದು ‘ಎಲ್ಲಾದರೂ ಇರಲಿ’ ಎಂಬ ದಾರಿ ಹಿಡಿದಿದ್ದರು. ಉದ್ದೇಶ ಒಳ್ಳೆಯದು, ದಾರಿ ದುಬಾರಿ.

ಸಮಸ್ಯೆ ಕಾಗುಣಿತಕ್ಕೆ ಮುಗಿಯುವುದಿಲ್ಲ. ‘ಅಕ್ಕಲಕೋಟ’ ಎಂಬ ಹೆಸರನ್ನೇ ನೋಡಿ. ಯೂನಿಕೋಡಿನ ಲೆಕ್ಕದಲ್ಲಿ ಇದು 8 ಸಂಕೇತಗಳು; ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಒಟ್ಟು 24. ಆದರೆ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ದೀರ್ಘ ಕೊಂಬು, ದೀರ್ಘ ಚಿಹ್ನೆ ಎಂದು ಮೂರಾಗಿ ಒಡೆದೂ ಬರೆಯಬಹುದು. ಒಡೆದು ಬರೆದರೆ 10 ಸಂಕೇತ, 30 ಬೈಟು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೈಟಿಗೆ ಬೈಟು ಹೋಲಿಸುವ ಸರ್ವರ್‌ಗೆ ಮಾತ್ರ ಅವು ಎರಡು ಬೇರೆ ಊರುಗಳು. ಒಳಗೆ ಹಾಕುವಾಗಲೇ ಒಂದು ರೂಪಕ್ಕೆ ತರದಿದ್ದರೆ ಹುಡುಕುವಾಗ ಸಿಗುವುದಿಲ್ಲ. ಸಿಗದಿದ್ದಾಗ ಸಿಬ್ಬಂದಿ ಮತ್ತೆ ಹುಡುಕುತ್ತಾರೆ, ಇನ್ನೊಂದು ಥರ ಹುಡುಕುತ್ತಾರೆ, ಭಾರ ಮತ್ತಷ್ಟು ಏರುತ್ತದೆ. ಗಡಿಯ ಕನ್ನಡಿಗರ ಹೆಸರು ಹೇಗೆ ಬರೆಯಬೇಕು ಎಂಬುದು ನಮಗೆ ಭಾಷೆಯ ಪ್ರಶ್ನೆ ಆಗಿತ್ತು. ಅದೇ ಪ್ರಶ್ನೆ ಸರ್ವರ್ ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬುದನ್ನೂ ತೀರ್ಮಾನಿಸುತ್ತದೆ ಎಂದು ನಾನು ತಿಳಿದದ್ದು ಆ ಲಾಗ್ ಮುಂದೆ ಕೂತಾಗ.

ಮಾಡಿದ್ದು ಸರಳ ಕೆಲಸ. ಪ್ರತಿ ಖಾತೆದಾರರ ಹೆಸರಿನ ಪಕ್ಕ ಇನ್ನೊಂದು ಅಂಕಣ ಸೇರಿಸಿದೆವು. ಅದರಲ್ಲಿ ಎಲ್ಲ ಕಾಗುಣಿತಗಳೂ ಕರಗಿ ಒಂದೇ ಆಗುವ ಹುಡುಕು-ಹೆಸರು: ಮಹಾಪ್ರಾಣ ಅಲ್ಪಪ್ರಾಣವಾಗಿ, ಒತ್ತಕ್ಷರ ಒಂಟಿಯಾಗಿ, ಲಿಪಿ ಯಾವುದಿದ್ದರೂ ಒಂದೇ ಲಿಪಿಗೆ ಬಂದು. ಅದಕ್ಕೆ ಇಂಡೆಕ್ಸ್ ಕೊಟ್ಟು, ಹೆಸರಿನ ಆರಂಭದಿಂದ ಮಾತ್ರ ಹುಡುಕುವಂತೆ, ಮೂರು ಅಕ್ಷರ ಆದಮೇಲಷ್ಟೆ ಪ್ರಶ್ನೆ ಹೋಗುವಂತೆ ಬದಲಿಸಿದೆವು. ಎಕ್ಸ್‌ಪ್ಲೇನ್ ಎಂಬ ಆಜ್ಞೆ ಕೊಟ್ಟರೆ ಡೇಟಾಬೇಸ್ ತಾನು ಯಾವ ದಾರಿ ಹಿಡಿಯುತ್ತೇನೆ ಎಂದು ಮೊದಲೇ ಹೇಳುತ್ತದೆ. ಹಳೆಯ ಪ್ರಶ್ನೆಗೆ ‘ಪೂರ್ತಿ ಕೋಷ್ಟಕ’ ಎಂದು ಬರುತ್ತಿದ್ದ ಜಾಗದಲ್ಲಿ ಹೊಸದಕ್ಕೆ ಇಂಡೆಕ್ಸಿನ ಹೆಸರು ಬಂತು. ಕೌಂಟರಿನ ಹುಡುಗಿಗೆ ಆ ಪರದೆ ತೋರಿಸಿದೆ. “ಅಣ್ಣಾ, ಅಂದ್ರ ಇಷ್ಟು ದಿನ ಅದು ಪುಸ್ತಕಾ ಪೂರ್ತಿ ತಿರಿವಿ ಹಾಕ್ತಿತ್ತೇನು?” ಎಂದು ಕೇಳಿದಳು. ಅವಳಿಗೆ ಅರ್ಥವಾದದ್ದು ನನಗೆ ಬಹಳ ಸಮಾಧಾನ ತಂದಿತು.

ಆದರೂ ಸಂಜೆ ಏಳರ ಹೊತ್ತಿಗೆ ಮತ್ತೆ ನಿಧಾನ. ಆ ಹೊತ್ತಿನ ಲಾಗ್ ಖಾಲಿ! ಇಲ್ಲಿ ಅನೇಕರು ಎಡವುತ್ತಾರೆ. ಸಂಜೆ ಪಿಗ್ಮಿ ಏಜೆಂಟರು ಪೇಟೆ ಸುತ್ತಿ ಬಂದು ದಿನದ ವಸೂಲಿ ಏರಿಸುವ ಸಮಯ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಈ ಪಿಗ್ಮಿ ಪದ್ಧತಿ ಇಂದು ನಮ್ಮ ಪತಸಂಸ್ಥೆಗಳ ಜೀವನಾಡಿ. ಒಂದೊಂದು ರಸೀದಿಗೆ ಒಂದು ಸಣ್ಣ ಪ್ರಶ್ನೆ. ಯಾವುದೂ 1 ಸೆಕೆಂಡು ದಾಟುವುದಿಲ್ಲ, ಹಾಗಾಗಿ ಲಾಗ್‌ಗೆ ಬರುವುದಿಲ್ಲ. ಲೆಕ್ಕ ಹೀಗಿಟ್ಟುಕೊಳ್ಳಿ: ಒಂದು ವರದಿ 12 ಸೆಕೆಂಡು ಹಿಡಿಯುತ್ತದೆ, ದಿನಕ್ಕೆ 5 ಸಲ ಓಡುತ್ತದೆ, ಒಟ್ಟು 1 ನಿಮಿಷ. ಇನ್ನೊಂದು ಪ್ರಶ್ನೆ 0.3 ಸೆಕೆಂಡು, ದಿನಕ್ಕೆ 40,000 ಸಲ. ಒಟ್ಟು 12,000 ಸೆಕೆಂಡು, ಅಂದರೆ 3 ಗಂಟೆ 20 ನಿಮಿಷ. ಎಲ್ಲರ ಕಣ್ಣು ಬೀಳುವುದು ಮೊದಲನೆಯದರ ಮೇಲೆ, ಸರ್ವರನ್ನು ತಿನ್ನುವುದು ಎರಡನೆಯದು. ಅತಿ ನಿಧಾನವಾದ ಪ್ರಶ್ನೆಗಿಂತ ಒಟ್ಟು ಕಾಲವನ್ನು ಹೆಚ್ಚು ನುಂಗಿದ ಪ್ರಶ್ನೆಯನ್ನು ಮೊದಲು ಹಿಡಿಯಿರಿ ಎಂದು ನಾನು ಹೇಳಿಕೊಡುವುದು ಇದಕ್ಕೇ. ಮೈಎಸ್‌ಕ್ಯೂಎಲ್‌ನ ಪರ್ಫಾರ್ಮೆನ್ಸ್ ಸ್ಕೀಮಾ, ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಒಂದೇ ಅಚ್ಚಿನ ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಎಷ್ಟು ಸಲ ಓಡಿತು, ಒಟ್ಟು ಎಷ್ಟು ಕಾಲ ಹಿಡಿಯಿತು ಎಂದು ಕೂಡಿಸಿ ಇಡುತ್ತವೆ. ಅಲ್ಲಿ ಪಿಗ್ಮಿಯ ಪ್ರಶ್ನೆ ಮೊದಲ ಸಾಲಿನಲ್ಲೇ ಕೂತಿತ್ತು.

ಇದೇ ಸಂಜೆಗೆ ಇನ್ನೊಂದು ತೊಡಕೂ ಸೇರಿತ್ತು: ಬೀಗ. ಒಬ್ಬರು ಖಾತೆಯ ಬಾಕಿ ತಿದ್ದುವ ಕೆಲಸ ಅರ್ಧ ಮಾಡಿ, ಪರದೆ ಹಾಗೇ ಬಿಟ್ಟು ಚಹಾಕ್ಕೆ ಹೋದರೆ ಆ ಸಾಲುಗಳಿಗೆ ಬೀಗ ಬಿದ್ದಿರುತ್ತದೆ. ಹಿಂದೆ ಬಂದವರು ಕಾಯುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ 50 ಸೆಕೆಂಡು ಕಾದು ಕೈಬಿಡುವುದು ಮೂಲ ನಿಯಮ. ಕಾಯುತ್ತಿರುವ ಪ್ರಶ್ನೆಯ ತಪ್ಪೇನೂ ಇರುವುದಿಲ್ಲ. ಅದನ್ನು ಹಿಡಿಯಲು ನಾಳೆ ಲಾಗ್ ಓದಿದರೆ ಸಾಲದು, ಆ ಗಳಿಗೆಯಲ್ಲೇ ಓಡುತ್ತಿರುವ ಪ್ರಶ್ನೆಗಳ ಪಟ್ಟಿ ತೆಗೆದು, ಯಾರು ಯಾರನ್ನು ತಡೆದಿದ್ದಾರೆ ಎಂದು ನೋಡಬೇಕು.

ಮಧ್ಯಾಹ್ನದವರೆಗೆ ಚೆನ್ನಾಗಿದ್ದ ಸರ್ವರ್ ಒಮ್ಮೆಲೇ ಏಕೆ ಕುಸಿಯುತ್ತದೆ ಎಂದು ಕಾರ್ಯದರ್ಶಿಗಳು ಕೇಳಿದರು. ಅದಕ್ಕೆ ಉತ್ತರವಾದ ಗಣಿತವನ್ನು ಟೆಲಿಫೋನ್ ಕಂಪನಿಯ ಗಣಿತಜ್ಞ, ಡೆನ್ಮಾರ್ಕಿನ ಎರ್ಲಾಂಗ್, 1909ರಲ್ಲಿ ಆರಂಭಿಸಿದ. ಜನ ಹೇಗೆಂದರೆ ಹಾಗೆ ಬರುವ ಒಂದೇ ಕೌಂಟರ್ ಎಂದುಕೊಳ್ಳಿ, ಒಬ್ಬರಿಗೆ ಸರಾಸರಿ 1 ಸೆಕೆಂಡಿನ ಕೆಲಸ. ಕೌಂಟರ್ ಅರ್ಧ ಹೊತ್ತು ಖಾಲಿ ಇದ್ದರೆ ಬಂದವರು ಸರಾಸರಿ 2 ಸೆಕೆಂಡಿನಲ್ಲಿ ಹೊರಗೆ. ನೂರಕ್ಕೆ 80 ಪಾಲು ತುಂಬಿದರೆ 5 ಸೆಕೆಂಡು. 90 ಪಾಲು ತುಂಬಿದರೆ 10. 95ಕ್ಕೆ 20. ಕೊನೆಯ ಹತ್ತು ಪಾಲಿನಲ್ಲಿ ಸಾಲು ಏಕಾಏಕಿ ಬೆಳೆಯುತ್ತದೆ. ಗುರುವಾರ ಅಕ್ಕಲಕೋಟದ ವಟವೃಕ್ಷ ದೇವಸ್ಥಾನದ ದರ್ಶನದ ಸಾಲಿನಲ್ಲಿ ನಿಂತವರಿಗೆ ಇದು ಅನುಭವದಿಂದ ಗೊತ್ತು. ಇನ್ನು ಇಪ್ಪತ್ತು ಜನ ಹೆಚ್ಚು ಬಂದರೆ ಏನಾದೀತು ಅನ್ನಿಸುತ್ತದೆ, ಸಾಲು ಬೀದಿ ದಾಟಿರುತ್ತದೆ. ಹಾಗಾಗಿ ಸರ್ವರ್ ಚೆನ್ನಾಗಿರುವ ದಿನವೇ ಅಳತೆ ಇಡಬೇಕು. ಸರಾಸರಿ ಒಂದನ್ನೇ ನೋಡಿದರೂ ಮೋಸ. ನೂರರಲ್ಲಿ ತೊಂಬತ್ತೈದು ಜನರಿಗೆ ಎಷ್ಟರೊಳಗೆ ಉತ್ತರ ಸಿಕ್ಕಿತು ಎಂದು ಕೇಳಬೇಕು. ಉಳಿದ ಐವರಲ್ಲಿ ಆ ಅಜ್ಜಿ ಇರುತ್ತಾರೆ.

ಸಣ್ಣ ಸಂಸ್ಥೆಯ ಮಾತಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಇದು ರಾಜ್ಯದ ಮಟ್ಟದಲ್ಲೇ ನಡೆದಿದೆ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಜನವರಿಯಲ್ಲಿ ದಿನಗಟ್ಟಲೆ ತೆವಳಿತು. ಅದು ದಾಳಿ ಎಂದು ಸರಕಾರ ಹೇಳಿತು, ಸೈಬರ್ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಪತ್ರಿಕೆಗಳಲ್ಲಿ ಬಂದ ಪ್ರಕಾರ 62 ಖಾತೆಗಳಿಂದ, 14 ಐಪಿ ವಿಳಾಸಗಳಿಂದ, ಎರಡೇ ಗಂಟೆಗಳಲ್ಲಿ 6.2 ಲಕ್ಷ ಸುಳ್ಳು ಕೋರಿಕೆಗಳು. ಸೆಕೆಂಡಿಗೆ ಸುಮಾರು 86. ಗುರಿಯಾದದ್ದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರದ ಹುಡುಕಾಟ. ದಾಳಿ ಮಾಡಿದವರಿಗೂ ಗೊತ್ತಿದ್ದಿರಬೇಕು: ಹುಡುಕುವ ಪ್ರಶ್ನೆಯೇ ಡೇಟಾಬೇಸಿಗೆ ಭಾರ. ಪುಟ ತೋರಿಸುವುದು ಹಗುರ, ಹುಡುಕುವುದು ದುಬಾರಿ. ಯಾವ ಪ್ರಶ್ನೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ದಿನನಿತ್ಯ ಬರೆದಿಟ್ಟವರಿಗೆ ಮಾತ್ರ ಇಂದು ಬಂದ ಭಾರ ಜನರದೋ ದಾಳಿಕೋರರದೋ ಎಂದು ಬೇಗ ಗೊತ್ತಾಗುತ್ತದೆ.

ಗಡಿಯಾಚೆ ಅಫಜಲಪುರದ ಕಡೆ ಒಂದು ಹೊಲ, ಈಚೆ ಅಕ್ಕಲಕೋಟದ ಕಡೆ ಇನ್ನೊಂದು ಹೊಲ ಇರುವ ನಮ್ಮ ರೈತರು ಅಲ್ಲಿ ಪಹಣಿ, ಇಲ್ಲಿ ಸಾತಬಾರಾ ತೆಗೆಯಬೇಕು. ಭೂಮಿ ಯೋಜನೆಯಲ್ಲಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಸಾತಬಾರಾ ಎನ್ನುವ ಮಹಾರಾಷ್ಟ್ರದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳು ಈಗ ಫೋನಿನಲ್ಲಿ ಸಿಗುತ್ತವೆ. ತಲಾಠಿಯ, ಅಂದರೆ ಗ್ರಾಮ ಲೆಕ್ಕಿಗರ, ಬಾಗಿಲು ಕಾಯುವುದು ತಪ್ಪಿತು, ಅದು ದೊಡ್ಡ ವಿಷಯ. ಆದರೆ ಬೆಳೆವಿಮೆಯ ಕೊನೆಯ ದಿನ ಎರಡೂ ಕಡೆ ‘ಸರ್ವರ್ ಡೌನ್’ ಎಂಬ ಒಂದೇ ಮಾತು ಕೇಳಿಸುತ್ತದೆ, ಎರಡು ಭಾಷೆಯಲ್ಲಿ. ತಡವಾದ ಒಂದು ಉತಾರೆಯಿಂದ ಅರ್ಜಿ ತಪ್ಪಿದರೆ ಆ ವರ್ಷದ ತೊಗರಿಗೆ ರಕ್ಷಣೆ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಒತ್ತಿ ಹೇಳಬೇಕಾಗಿದೆ. ಸ್ಲೋ ಕ್ವೆರಿ ಲಾಗ್‌ನಲ್ಲಿ ಪ್ರಶ್ನೆಯ ಪೂರ್ತಿ ಪಾಠ ಇರುತ್ತದೆ: ಖಾತೆಯ ಸಂಖ್ಯೆ, ಫೋನ್ ನಂಬರು, ಯಾರ ಹೆಸರು ಹುಡುಕಿದರು ಎಂಬುದು. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಗೆಳೆಯರಿಗೆ ಕಳಿಸಿ ‘ಸ್ವಲ್ಪ ನೋಡು’ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬೇಡಿ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂದಿದೆ. ಕಾಯ್ದೆ ಇರದಿದ್ದರೂ ಜನರ ಖಾತೆ ಜನರದು. ಒಟ್ಟು ಲೆಕ್ಕ ಇಡುವ ಸೌಕರ್ಯಗಳು ನಿಜವಾದ ಹೆಸರು, ಸಂಖ್ಯೆಗಳನ್ನು ತೆಗೆದು ಆ ಜಾಗದಲ್ಲಿ ಒಂದು ಗುರುತು ಇಡುತ್ತವೆ. ಹೊರಗೆ ತೋರಿಸುವುದಾದರೆ ಅದನ್ನು ತೋರಿಸಿ.

ಆ ಪತಸಂಸ್ಥೆಯ ನಿಧಾನ ಪ್ರಶ್ನೆಗಳ ಪಟ್ಟಿಯಲ್ಲಿ ಇನ್ನೊಂದು ಉಳಿದಿದೆ. ತಿಂಗಳ ಕೊನೆಗೆ ಬಡ್ಡಿ ಕಟ್ಟುವ ಲೆಕ್ಕ. ಓಡಿದಾಗಲೆಲ್ಲ ಉಳಿದವರು ಕೈಕಟ್ಟಿ ಕೂರಬೇಕು. ರಾತ್ರಿಗೆ ಸರಿಸಿದರೆ ಬ್ಯಾಕಪ್ಪಿಗೆ ಅಡ್ಡ ಬರುತ್ತದೆ. ಅದನ್ನು ಒಡೆದು ಸಣ್ಣ ಸಣ್ಣ ಕಂತುಗಳಲ್ಲಿ ಓಡಿಸಬೇಕೆಂದು ಆ ಕೌಂಟರಿನ ಹುಡುಗಿಯೇ ಸಲಹೆ ಕೊಟ್ಟಿದ್ದಾಳೆ. ಈಗ ಪ್ರತಿ ದಿನ ಬೆಳಿಗ್ಗೆ ಲಾಗ್ ಓದುವವಳು ಅವಳೇ. ಬರುವ ಸೋಮವಾರ ಕೌಂಟರ್ ತೆಗೆಯುವ ಮೊದಲು, ಒಂಬತ್ತಕ್ಕೆ, ನಾವಿಬ್ಬರೂ ಅದಕ್ಕೆ ಕೂರುತ್ತೇವೆ. ಕಾರ್ಯದರ್ಶಿಗಳು ಒಪ್ಪಿದ್ದಾರೆ, ಸುಳ್ಳು ಹೆಸರುಗಳನ್ನು ತುಂಬಿದ ಒಂದು ಪ್ರತಿಯನ್ನು ಅಭ್ಯಾಸಕ್ಕೆಂದು ತೆಗೆದಿಟ್ಟಿದ್ದೇವೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಬರುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ನನಗೆ ಹೆಸರು ಕೊಡಿ.